ಹೊಳೆಯಾಚೆಯ ಡ್ರೈವರು

ಹೆಬ್ಬಾಳದ ಮೇಲ್ಸೇತುವೆಯ ಕೆಳಗಿನಿಂದ ಬೆಳಿಗ್ಗೆ ಏಳೂಮುಕ್ಕಾಲಿಗೆ ಹೊರಡುವ ನಮ್ಮ ಸಂಸ್ಥೆಯ ಬಸ್ಸಿನಲ್ಲಿ ಎಂಜಿನ್ ಪಕ್ಕದ ಒಂಟಿ ಸೀಟು ಯಾರಿಗೂ ಬೇಡ. ಕಾಲಿಗೆ ಬಿಸಿ ತಾಗುತ್ತದೆ, ಲ್ಯಾಪ್‌ಟಾಪ್ ತೆರೆಯಲು ಜಾಗವಿಲ್ಲ. ನಾನು ಎರಡು ವರ್ಷದಿಂದ ಅಲ್ಲಿಯೇ ಕೂರುತ್ತೇನೆ. ಯಲಹಂಕ ದಾಟುವವರೆಗೆ ಡ್ರೈವರಣ್ಣನ ಜೊತೆ ಮಾತಾಡಬಹುದು ಎಂಬುದಷ್ಟೇ ಕಾರಣ.

2025ರ ಜುಲೈ 15ರ ಬೆಳಿಗ್ಗೆ, ಬಸ್ಸು ಹೊರಡುವ ಮೊದಲು, ಅವರು ಮೊಬೈಲನ್ನು ನನ್ನ ಕಡೆ ಹಿಡಿದರು. ಮಳೆಯ ಮಬ್ಬಿನಲ್ಲಿ ಬಿಳಿ ತಂತಿಗಳ ಉದ್ದನೆಯ ಸೇತುವೆ, ಅದರ ಮೇಲೆ ಜನವೋ ಜನ. ಹಿಂದಿನ ದಿನ ಕೇಂದ್ರದ ಹೆದ್ದಾರಿ ಸಚಿವ ನಿತಿನ್ ಗಡ್ಕರಿಯವರು ಶರಾವತಿ ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸಿಗಂದೂರು ಸೇತುವೆಯನ್ನು ಉದ್ಘಾಟಿಸಿದ್ದರು.

"ನೋಡಿ ಮೇಡಂ, ಇನ್ನು ನಮ್ಮೂರು ದ್ವೀಪ ಅಲ್ಲ."

ಅವರ ಊರು ತುಮರಿಯ ಹತ್ತಿರ. ಭೂಗೋಳದ ಮೇಷ್ಟರು ಅದನ್ನು ದ್ವೀಪ ಎಂದು ಒಪ್ಪಲಿಕ್ಕಿಲ್ಲ. ಮೂರು ಕಡೆ ನೀರು, ಇನ್ನೊಂದು ಕಡೆ ಕಾಡು, ಅದರಾಚೆ ಘಟ್ಟದ ಇಳಿಜಾರು. ಆದರೆ ತಾಲ್ಲೂಕು ಕೇಂದ್ರವಾದ ಸಾಗರಕ್ಕೆ ಹೋಗಲು ಹೊಳೆಬಾಗಿಲಿನಲ್ಲಿ ಲಾಂಚ್ ಕಾಯಬೇಕು, ಕತ್ತಲಾದ ಮೇಲೆ ಲಾಂಚ್ ಇಲ್ಲ, ನೀರು ತೀರಾ ಇಳಿದ ಬೇಸಿಗೆಯಲ್ಲಿ ಲಾಂಚಿಗೆ ವಾಹನ ಹತ್ತಿಸುವುದಿಲ್ಲ ಎಂದಾಗ ಅದಕ್ಕೆ ಬೇರೆ ಹೆಸರು ಯಾಕೆ? ಅಲ್ಲಿನವರು ದ್ವೀಪ ಎಂದೇ ಕರೆದರು. ಪತ್ರಿಕೆಗಳೂ ಹಾಗೆಯೇ ಬರೆದವು.

ನಾನು ಮೊಬೈಲು ನೋಡುತ್ತಲೇ ಒಳಗೊಳಗೆ ನನ್ನ ಪ್ರಬಂಧದ ಮೂರನೇ ಅಧ್ಯಾಯವನ್ನು ನೆನೆಸಿಕೊಂಡೆ. ಮೋಟಾರು ವಾಹನ ಕಾಯ್ದೆಗಳು ಡ್ರೈವರ್ ಎಂಬ ಮನುಷ್ಯನನ್ನು ಹೇಗೆ ಕಂಡವು ಎಂಬುದು ನನ್ನ ಪಿಎಚ್‌ಡಿ ವಿಷಯ. ಆ ಅಧ್ಯಾಯದಲ್ಲಿ ಒಂದು ಸಾಲು ಬರೆದಿದ್ದೆ. ಹಿನ್ನೀರಿನಿಂದ ಹೊರಜಗತ್ತಿಗೆ ದೂರವಾದ ಊರುಗಳ ಡ್ರೈವರುಗಳಿಗೆ ಪರವಾನಗಿ ನಿಯಮಗಳಲ್ಲಿ ವಿನಾಯಿತಿ ಕೊಡದೇ ಇದ್ದದ್ದು ಅಣೆಕಟ್ಟು ಕಟ್ಟಿದ ಸರ್ಕಾರದ ಎರಡನೆಯ ಅನ್ಯಾಯ, ಎಂದು. ಬರೆದಾಗ ಚೆನ್ನಾಗಿದೆ ಅನ್ನಿಸಿತ್ತು. ಈ ಬರಹ ಆ ಸಾಲಿಗೆ ಏನಾಯಿತು ಎಂಬುದರ ಕುರಿತು.

ಮೊದಲು ಡ್ರೈವರಣ್ಣನ ಕತೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟರು. ಹದಿನಾರಕ್ಕೇ ಊರಿನವರೊಬ್ಬರ ಜೀಪು ಕೈಗೆ ಬಂತು. ಅಡಿಕೆ ಮೂಟೆ, ಗೊಬ್ಬರ, ಬಾಣಂತಿ, ಹೆಣ, ಎಲ್ಲವನ್ನೂ ಹೊಳೆಬಾಗಿಲವರೆಗೆ ತಲುಪಿಸುವ ಕೆಲಸ. ವಯಸ್ಸು ತುಂಬಿದ ಮೇಲೆ ಸಾಮಾನ್ಯ ಕಾರಿನ ಲೈಸೆನ್ಸ್ ಮಾಡಿಸಿದರು. 2009ರಲ್ಲಿ ಹೆವಿ ಲೈಸೆನ್ಸಿಗೆ ಹೋದಾಗ ಕೌಂಟರಿನಲ್ಲಿ ಕೇಳಿದ್ದು ಒಂದೇ ಮಾತು: ಎಂಟನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಎಲ್ಲಿ? ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದ ಏಜೆಂಟು, ಅದನ್ನೂ 'ಮಾಡಿಸಿ' ಕೊಡುವುದಾಗಿ ದರ ಹೇಳಿದ. ಇವರು ಒಪ್ಪಲಿಲ್ಲ. "ಹೆದರಿಕೆ ಮೇಡಂ, ದೊಡ್ಡಸ್ತಿಕೆ ಏನಿಲ್ಲ" ಎನ್ನುತ್ತಾರೆ. ಬೆಂಗಳೂರಿಗೆ ಬಂದು ಆರ್.ಟಿ. ನಗರದ ಒಂದು ಮನೆಯಲ್ಲಿ ಹತ್ತು ವರ್ಷ ವೈಟ್ ಬೋರ್ಡ್ ಕಾರು ಓಡಿಸಿದರು.

ಈ ಹತ್ತು ವರ್ಷದ ಹಿಂದೆ ಒಂದು ಕಾಯ್ದೆಯ ಇತಿಹಾಸ ಇದೆ. 1939ರ ಮೋಟಾರು ವಾಹನ ಕಾಯ್ದೆಯ ಮೂರನೆಯ ಕಲಮು ಡ್ರೈವರುಗಳನ್ನು ಎರಡಾಗಿ ಒಡೆದದ್ದು ವಾಹನದ ತೂಕ ನೋಡಿ ಅಲ್ಲ, ಸಂಬಳ ನೋಡಿ. ತನ್ನ ಕಾರನ್ನು ತಾನೇ ಓಡಿಸುವವನಿಗೆ ಒಂದು ಲೈಸೆನ್ಸ್ ಸಾಕು. ಅದೇ ಕಾರನ್ನು ಸಂಬಳಕ್ಕೆ ಓಡಿಸುವವನಿಗೆ ಆ ಲೈಸೆನ್ಸಿನಲ್ಲಿ ವಿಶೇಷ ಅನುಮತಿ ಬರೆಸಿರಬೇಕು. ಕಾರು ಇದ್ದವರೆಲ್ಲ ಸಾಹೇಬರು, ಓಡಿಸುವವನು ಆಳು ಎಂಬ ಕಾಲದ ವಿಂಗಡಣೆ ಅದು. 1988ರ ಕಾಯ್ದೆ, ಅಂದರೆ 1989ರ ಜುಲೈ 1ರಿಂದ ಜಾರಿಗೆ ಬಂದ ಈಗಿನ ಕಾಯ್ದೆ, ಸಂಬಳದ ಮಾತನ್ನು ಬಿಟ್ಟಿತು. ಸರಕು ಅಥವಾ ಬಾಡಿಗೆ ಪ್ರಯಾಣಿಕರನ್ನು ಸಾಗಿಸುವ 'ಸಾರಿಗೆ ವಾಹನ'ಕ್ಕೆ ಮಾತ್ರ ವಿಶೇಷ ಅನುಮತಿ ಬೇಕೆಂದಿತು. ಹೀಗಾಗಿ ಮನೆಯ ಕಾರು ಓಡಿಸುವ ಸಂಬಳದ ಡ್ರೈವರಿಗೆ ಬಾಗಿಲು ತೆರೆಯಿತು, ಬಸ್ಸು ಲಾರಿಯ ಬಾಗಿಲು ಗಟ್ಟಿಯಾಗುತ್ತಾ ಹೋಯಿತು. ಸಾರಿಗೆ ವಾಹನಕ್ಕೆ ಇಪ್ಪತ್ತು ವರ್ಷ ತುಂಬಿರಬೇಕು. ಅದರ ಎಲ್‌ಎಲ್‌ಆರ್ ಸಿಗಬೇಕಾದರೆ ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷವಾಗಿರಬೇಕು. ಡ್ರೈವಿಂಗ್ ಸ್ಕೂಲಿನ ಸರ್ಟಿಫಿಕೇಟ್ ಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2007ರ ಏಪ್ರಿಲಿನಲ್ಲಿ ಬಂದ ತಿದ್ದುಪಡಿಯಂತೆ ಎಂಟನೇ ತರಗತಿ ಪಾಸಾಗಿರಬೇಕು. ಆ ನಿಯಮದ ಸಂಖ್ಯೆಯೂ ಎಂಟೇ. ಮೊದಲೇ ಲೈಸೆನ್ಸ್ ಇದ್ದವರ ನವೀಕರಣಕ್ಕೆ ಇದು ಅನ್ವಯಿಸುವುದಿಲ್ಲ ಎಂಬ ರಿಯಾಯಿತಿ ಇತ್ತು. ನಮ್ಮ ಡ್ರೈವರಣ್ಣ ಎರಡು ವರ್ಷ ತಡವಾಗಿ ಹೋಗಿದ್ದರು.

ಇವುಗಳಲ್ಲಿ ಯಾವುದೂ ತುಮರಿಯವರ ಮೇಲಿನ ಸಿಟ್ಟಿಗೆ ಬರೆದ ನಿಯಮವಲ್ಲ. ಆದರೆ ಡ್ರೈವಿಂಗ್ ಸ್ಕೂಲು ಸಾಗರದಲ್ಲಿ. ಎಲ್‌ಎಲ್‌ಆರ್, ಟೆಸ್ಟು, ಎರಡೂ ಸಾಗರದಲ್ಲಿ. ಬೆಳಗಿನ ಲಾಂಚ್ ಹಿಡಿದು, ಆಚೆ ದಡದಲ್ಲಿ ಬಸ್ಸು ಹಿಡಿದು, ಸರದಿಯಲ್ಲಿ ನಿಂತು, ಕೆಲಸ ಮುಗಿಯದಿದ್ದರೂ ಸಂಜೆಯ ಲಾಂಚಿಗೆ ಓಡಿ ಬರಬೇಕು. ತಪ್ಪಿದರೆ ಪೇಟೆಯಲ್ಲಿ ರಾತ್ರಿ ಕಳೆಯಬೇಕು. ಯಶವಂತಪುರದವನಿಗೂ ತುಮರಿಯವನಿಗೂ ಒಂದೇ ಫಾರಂ, ಒಂದೇ ಫೀಸು. ಕಾನೂನು ಸಮಾನವಾಗಿತ್ತು, ಲಾಂಚ್ ಮಾತ್ರ ಒಂದು ಕಡೆಯವರಿಗೇ ಇತ್ತು.

ವಿನಾಯಿತಿಯೇ ಇಲ್ಲದ ಕಾನೂನಾಗಿದ್ದರೆ ನನಗೂ ಅಷ್ಟು ಚುಚ್ಚುತ್ತಿರಲಿಲ್ಲ. 1988ರ ಕಾಯ್ದೆಯ ಎರಡನೇ ಅಧ್ಯಾಯದ ಕೊನೆಗೆ, ರಾಜ್ಯ ಸರ್ಕಾರಗಳು ಯಾವ ಯಾವ ವಿಷಯಕ್ಕೆ ನಿಯಮ ಮಾಡಬಹುದು ಎಂಬ ಪಟ್ಟಿಯಿದೆ. ಅದರಲ್ಲಿ ಒಂದು ಅಂಶ: ರೋಡ್ ರೋಲರ್ ಡ್ರೈವರುಗಳಿಗೆ ಈ ಅಧ್ಯಾಯದ ಎಲ್ಲ ಅಥವಾ ಕೆಲವು ವಿಧಿಗಳಿಂದ ವಿನಾಯಿತಿ. ಮೊದಲ ಸಲ ಓದಿದಾಗ ನಗು ಬಂತು. ನಡೆದುಹೋಗುವವನೇ ಹಿಂದೆ ಹಾಕಬಲ್ಲ ಯಂತ್ರ ಶಾಸಕರ ಕಣ್ಣಿಗೆ ಬಿದ್ದಿದೆ. 2015ರಲ್ಲಿ ಇ-ರಿಕ್ಷಾಗಳು ಕಣ್ಣಿಗೆ ಬಿದ್ದವು. ಲಘು ವಾಹನದ ಲೈಸೆನ್ಸ್ ಇದ್ದು ಒಂದು ವರ್ಷ ಕಾಯಬೇಕೆಂಬ ನಿಯಮ ಅವುಗಳಿಗೆ ಬೇಡವೆಂದು ತಿದ್ದುಪಡಿಯಾಯಿತು. ಅಂದರೆ ನಮ್ಮ ಕಾನೂನು ವಾಹನದ ಜಾತಿ ನೋಡಿ ವಿನಾಯಿತಿ ಕೊಡಬಲ್ಲದು. ಊರು ನೋಡಿ ಕೊಡುವುದಿಲ್ಲ. ಆ ಇಡೀ ಅಧ್ಯಾಯದಲ್ಲಿ ದ್ವೀಪ ಎಂಬ ಪದವೇ ಇಲ್ಲ.

ಹಾಗಿದ್ದರೆ ಈ ನೆಲದಲ್ಲಿ ಊರು ನೋಡಿ ಕಾನೂನು ಬಿಟ್ಟುಕೊಟ್ಟದ್ದು ಎಂದೂ ಇರಲಿಲ್ಲವೇ? ಇತ್ತು. ಅದೂ ಕನ್ನಡ ಜಿಲ್ಲೆಯೊಂದರ ದಫ್ತರದಲ್ಲಿಯೇ ಇತ್ತು. ಈಗ ಲಕ್ಷದ್ವೀಪಕ್ಕೆ ಸೇರಿರುವ ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ದ್ವೀಪಗಳಿಗೆ ಒಟ್ಟಾಗಿ ಅಮಿನ್‌ದಿವಿ ಎಂದು ಹೆಸರು. ಟಿಪ್ಪುವಿನ ಕಾಲದಲ್ಲಿ ಅವು ಮೈಸೂರಿನ ಕೈಗೆ ಬಂದವು, 1799ರ ನಂತರ ಕಂಪನಿಗೆ ಹೋದವು, ಅಲ್ಲಿಂದ ಮುಂದೆ ಮಂಗಳೂರಿನ ಕಲೆಕ್ಟರರ ಕೈಕೆಳಗೆ, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಉಳಿದವು. 1935ರ ಭಾರತ ಸರ್ಕಾರ ಕಾಯ್ದೆ ಬಂದಾಗ, ಅದರಡಿ 1936ರಲ್ಲಿ ಹೊರಟ ಆದೇಶ ಲಕ್ಕದೀವ್, ಮಿನಿಕಾಯ್, ಅಮಿನ್‌ದಿವಿಗಳನ್ನು 'ಹೊರಗಿಟ್ಟ ಪ್ರದೇಶ'ಗಳ ಪಟ್ಟಿಗೆ ಸೇರಿಸಿತು. ನಾಗಾ ಬೆಟ್ಟಗಳು, ಲುಷಾಯ್ ಬೆಟ್ಟಗಳು ಇದ್ದ ಅದೇ ಪಟ್ಟಿ. ಶಾಸನಸಭೆ ಮಾಡಿದ ಯಾವ ಕಾಯ್ದೆಯೂ ಅಲ್ಲಿಗೆ ತಾನಾಗಿ ಹೋಗುವಂತಿಲ್ಲ. ಗವರ್ನರರು ಪ್ರಕಟಣೆ ಹೊರಡಿಸಿದರೆ ಮಾತ್ರ ಹೋಗಬೇಕು. ಮೂರು ವರ್ಷದ ನಂತರ ಬಂದ 1939ರ ಮೋಟಾರು ಕಾಯ್ದೆಗೂ ಅದೇ ಗತಿ. ಮಂಗಳೂರಿನಲ್ಲಿ ಬಸ್ಸು ಓಡಿಸುವವನಿಗೆ ಇದ್ದ ಕಾನೂನು, ಅದೇ ಜಿಲ್ಲೆಯ ಅಮಿನಿಯಲ್ಲಿ ತಾನಾಗಿ ಕಾನೂನಲ್ಲ.

ಈ ವಿವರ ಸಿಕ್ಕಾಗ ನನಗೆ ನಿಧಿ ಸಿಕ್ಕಂತಾಗಿತ್ತು. ದ್ವೀಪಕ್ಕೆ ವಿನಾಯಿತಿ ಕೊಟ್ಟ ಪೂರ್ವನಿದರ್ಶನ! ಟಿಪ್ಪಣಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದಿದ್ದೆ. ಆಗ ನಾನು ಕಾಣದೇ ಹೋದ ಸಂಗತಿ ಒಂದು. ಕಾನೂನಿನಿಂದ ಹೊರಗಿಟ್ಟ ಆ ಊರುಗಳನ್ನು ಅದೇ ಸರ್ಕಾರ ಮತದಿಂದ, ಶಾಸನಸಭೆಯಿಂದಲೂ ಹೊರಗಿಟ್ಟಿತ್ತು. 'ಹೊರಗಿಟ್ಟ' ಎಂಬ ಪದ ಪುಟದ ಮೇಲೇ ಇತ್ತು, ನಾನು ಅದನ್ನು 'ಬಿಟ್ಟುಕೊಟ್ಟ' ಎಂದು ಓದಿಕೊಂಡಿದ್ದೆ. 1956ರ ನವೆಂಬರ್ 1ರಂದು, ನಾವು ರಾಜ್ಯೋತ್ಸವ ಆಚರಿಸುವ ಅದೇ ದಿನ, ಅಮಿನ್‌ದಿವಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇಂದ್ರಾಡಳಿತಕ್ಕೆ ಹೋಯಿತು. ಮುಖ್ಯಭೂಮಿಯ ಹಲವು ಕಾಯ್ದೆಗಳು ಅಲ್ಲಿಗೆ ತಲುಪಿದ್ದು 1965ರ ಒಂದು ರೆಗ್ಯುಲೇಷನ್ ಮೂಲಕ, 1967ರ ಅಕ್ಟೋಬರ್ 1ರಿಂದ. ಈಗ ಅಲ್ಲಿನ ಗಾಡಿಗಳಿಗೂ ಎಲ್‌ಡಿ ಎಂಬ ನಂಬರು ಪ್ಲೇಟು, ಡ್ರೈವರುಗಳಿಗೆ ನಮ್ಮದೇ 1988ರ ಕಾಯ್ದೆ. ಲಕ್ಷದ್ವೀಪದ ಒಟ್ಟು ನೆಲ ಮೂವತ್ತೆರಡು ಚದರ ಕಿಲೋಮೀಟರ್.

ಅಮಿನಿಯನ್ನು ಕಡಲು ಮಾಡಿತು. ತುಮರಿಯನ್ನು ಮಾಡಿದ್ದು ಸರ್ಕಾರ. 1948ರಲ್ಲಿ ಜೋಗದ ವಿದ್ಯುತ್ತಿಗಾಗಿ ಹಿರೇಭಾಸ್ಕರ ಅಣೆಕಟ್ಟು ಬಂದಾಗಲೇ ಶರಾವತಿಯ ದಡ ಹಿಂದೆ ಸರಿದಿತ್ತು. 1964ರ ಲಿಂಗನಮಕ್ಕಿ ಆ ಅಣೆಕಟ್ಟನ್ನೇ ನುಂಗಿತು. ತುಂಬಿದಾಗ ನೀರಿನ ಮಟ್ಟ 1819 ಅಡಿ, ಸಂಗ್ರಹ ನೂರೈವತ್ತು ಟಿಎಂಸಿಗೂ ಹೆಚ್ಚು. ಮುಳುಗಡೆಯವರನ್ನು ಸಾಮಾನು ಸಮೇತ ಲಾರಿಗೆ ತುಂಬಿ ದೂರದ ಕಾಡುಗಳಲ್ಲಿ ಇಳಿಸಿದ ಕತೆ ಸಾಗರ, ಹೊಸನಗರದ ಮನೆ ಮನೆಯಲ್ಲಿದೆ. ನಾ. ಡಿಸೋಜ ಅವರ 'ಮುಳುಗಡೆ', 'ದ್ವೀಪ' ಓದಿದವರಿಗೆ ಇದನ್ನು ಮತ್ತೆ ಹೇಳಬೇಕಿಲ್ಲ. ನಮ್ಮ ಡ್ರೈವರಣ್ಣನ ಅಜ್ಜ ಜೀವನದಲ್ಲಿ ಮೊದಲ ಸಲ ಲಾರಿ ಹತ್ತಿದ್ದು ಹಾಗೆ. ಅಜ್ಜನ ತಮ್ಮ ಹತ್ತಲಿಲ್ಲ. ಮೇಲಿನ ಗುಡ್ಡದಲ್ಲಿ ಉಳಿದ, ಉಳಿದವನ ಸುತ್ತ ನೀರು ಬಂತು. ಅಜ್ಜನೂ ಕೆಲವು ವರ್ಷಕ್ಕೆ ತಮ್ಮನ ಬಳಿಗೇ ವಾಪಸಾದರು. ಈಗಿನ ಮನೆ ಆ ಗುಡ್ಡದ್ದು.

ಹೊರದೇಶಗಳಲ್ಲಿ ದ್ವೀಪದ ಡ್ರೈವರುಗಳಿಗೆ ಏನು ಮಾಡಿದ್ದಾರೆ ಎಂದು ಹುಡುಕಿದ್ದೆ. ಯುರೋಪಿನ ಒಕ್ಕೂಟದಲ್ಲಿ ಲಾರಿ ಡ್ರೈವರುಗಳು ದಿನಕ್ಕೆ ಎಷ್ಟು ಗಂಟೆ ಓಡಿಸಬೇಕು, ಎಷ್ಟು ವಿಶ್ರಾಂತಿ ಎಂಬುದಕ್ಕೆ 2006ರ ಕಟ್ಟುನಿಟ್ಟಿನ ನಿಯಮಗಳಿವೆ. 2,300 ಚದರ ಕಿಲೋಮೀಟರಿಗಿಂತ ದೊಡ್ಡದಲ್ಲದ ದ್ವೀಪದೊಳಗೇ ಓಡುವ ವಾಹನಗಳಿಗೆ ಆಯಾ ದೇಶ ಬಯಸಿದರೆ ಅದರಿಂದ ವಿನಾಯಿತಿ ಕೊಡಬಹುದು. ಷರತ್ತು ಒಂದು: ದ್ವೀಪಕ್ಕೆ ಮೋಟಾರು ವಾಹನ ದಾಟಬಲ್ಲ ಸೇತುವೆ, ಸುರಂಗ, ಹಾಯ್ಗಡ ಯಾವುದೂ ಇರಬಾರದು. ಸೇತುವೆ ಬಂದ ದಿನ ವಿನಾಯಿತಿ ಹೋಗುತ್ತದೆ.

ಅಮೆರಿಕದ ಅಲಾಸ್ಕಾದ್ದು ನನ್ನ ವಿಷಯಕ್ಕೆ ಇನ್ನೂ ಹತ್ತಿರ. 1986ರ ಕಾಯ್ದೆಯ ಮೂಲಕ ಅಮೆರಿಕ ಲಾರಿ, ಬಸ್ಸು ಡ್ರೈವರುಗಳ ಲೈಸೆನ್ಸಿಗೆ ದೇಶಕ್ಕೆಲ್ಲ ಒಂದೇ ಅಳತೆ ತಂದಿತು. ಆದರೆ ಅಲಾಸ್ಕಾದಲ್ಲಿ ದೋಣಿ, ವಿಮಾನ ಬಿಟ್ಟರೆ ದಾರಿಯಿಲ್ಲದ ಊರುಗಳಿವೆ. ದೊಡ್ಡ ಟ್ರಕ್ ತಂದು ಟೆಸ್ಟು ಕೊಡಿ ಎಂದರೆ ಆ ಟ್ರಕ್ಕನ್ನು ವಿಮಾನದಲ್ಲಿ ತರಬೇಕು. ಹಾಗಾಗಿ ಅಲ್ಲಿನವರಿಗೆ ಓಡಿಸಿ ತೋರಿಸುವ ಪರೀಕ್ಷೆಯನ್ನು ಬಿಟ್ಟುಕೊಡುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟರು, ಪ್ರಶ್ನೆಗಳಿಗೆ ಉತ್ತರಿಸುವ ಪರೀಕ್ಷೆ ಮಾತ್ರ ಉಳಿಯಿತು. ರಸ್ತೆ ರಾಜ್ಯದ ಹೆದ್ದಾರಿ ಜಾಲಕ್ಕೆ ಕೂಡಿರಬಾರದು. ದಿನಕ್ಕೆ ಸರಾಸರಿ 499ಕ್ಕಿಂತ ಹೆಚ್ಚು ವಾಹನ ಓಡಾಡುವ ಯಾವ ರಸ್ತೆಗೂ ತಾಗಿರಬಾರದು. (499 ವಾಹನ ಹೆಬ್ಬಾಳದಲ್ಲಿ ಒಂದೆರಡು ಸಿಗ್ನಲ್ಲಿಗೆ ಸಾಲುತ್ತವೇನೋ.) ಹೀಗೆ ಕೊಟ್ಟ ಲೈಸೆನ್ಸಿನ ಮೇಲೆ ಎರಡು ನಿರ್ಬಂಧ ಅಚ್ಚಾಗಿರುತ್ತವೆ: ಆ ರಸ್ತೆಗಳನ್ನು ಬಿಟ್ಟು ಬೇರೆಡೆ ಓಡಿಸುವಂತಿಲ್ಲ, ಅಲಾಸ್ಕಾದಾಚೆಗೆ ಅದು ನಡೆಯುವುದಿಲ್ಲ.

ಆಗಸ್ಟಿನ ಒಂದು ಸಂಜೆ, ವಾಪಸು ಬರುವಾಗ, ಕೊಡಿಗೇಹಳ್ಳಿಯ ಹತ್ತಿರ ಟ್ರಾಫಿಕ್ ಪೂರ್ತಿ ನಿಂತಿತ್ತು. ಇದನ್ನೆಲ್ಲ ಡ್ರೈವರಣ್ಣನಿಗೆ ಹೇಳಿದೆ. ನಿಮಗೂ ಹೀಗೊಂದು ಲೈಸೆನ್ಸ್ ಕೊಟ್ಟಿದ್ದರೆ, ಎಂಟನೇ ಕ್ಲಾಸು ಬೇಡ, ಸಾಗರಕ್ಕೆ ಅಲೆಯುವುದು ಬೇಡ, ಎಂದೆ. ಖುಷಿಪಡುತ್ತಾರೆ ಎಂದುಕೊಂಡಿದ್ದೆ.

ಅವರು ಸ್ವಲ್ಪ ಹೊತ್ತು ಮುಂದಿನ ಬಸ್ಸಿನ ಹಿಂಬದಿ ನೋಡಿದರು. "ಅದನ್ನ ಹಿಡ್ಕಂಡು ಇಲ್ಲಿ ಓಡ್ಸಕ್ಕೆ ಬಿಡ್ತಿದ್ರಾ?"

"ಇಲ್ಲ. ನಿಮ್ಮ ಕಡೆ ಮಾತ್ರ."

"ನಮ್ ಕಡೆ ಲೈಸೆನ್ಸ್ ಕೇಳೋರು ಯಾರಿದ್ರು ಮೇಡಂ? ಹದಿನಾರು ವರ್ಷಕ್ಕೇ ಓಡ್ಸಿದ್ದೀನಿ. ನಮಗೆ ಲೈಸೆನ್ಸ್ ಬೇಕಿದ್ದದ್ದು ಹೊಳೆ ದಾಟಿದ ಮೇಲೆ."

ನನಗೆ ಹೇಳಲು ಏನೂ ತೋಚಲಿಲ್ಲ. ಎರಡು ವರ್ಷ ನಾನು ಹುಡುಕಿದ್ದು ಊರೊಳಗೇ ಓಡಿಸಲು ಬೇಕಾದ ಕಾಗದವನ್ನು. ಆ ಊರಿನ ಹುಡುಗರಿಗೆ ಬೇಕಿದ್ದದ್ದು ಊರಿನಿಂದಾಚೆ ಎಣ್ಣೆಹೊಳೆಯಂತೆ ಜಾರಿ ಹೋಗುವ ದಾರಿ. ಜೀಪು ಹೊಳೆಬಾಗಿಲಿಗೆ ಬಂದು ನಿಲ್ಲುವಂತೆ ಲೈಸೆನ್ಸೂ ಅಲ್ಲಿಗೇ ಬಂದು ನಿಲ್ಲುವುದಾದರೆ ಅದರಿಂದ ಅವರಿಗೇನು? ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಲಾರಿ ಹಿಡಿಯಲು, ವಿಮಾನ ನಿಲ್ದಾಣಕ್ಕೆ ಬಸ್ಸು ಓಡಿಸಲು ಆಗದ ಲೈಸೆನ್ಸು. ಇನ್ನೊಂದು ಮಾತನ್ನೂ ಅವರು ಹೇಳಿದರು, ಅದು ನನ್ನ ಅಧ್ಯಾಯದಲ್ಲಿ ಎಲ್ಲಿಯೂ ಇರಲಿಲ್ಲ. ಪರೀಕ್ಷೆ ಇಲ್ಲದೆ ಬಂದ ಡ್ರೈವರ್ ನಮ್ಮ ಮನೆಯ ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಇಳಿಯುವುದು ಬೇಡ, ಎಂದು. ಕ್ಲಾಸು ಕೇಳಬಾರದಿತ್ತು, ಟೆಸ್ಟು ಕೇಳಬೇಕಿತ್ತು, ಆದರೆ ಟೆಸ್ಟು ಮಾಡುವವರು ಲಾಂಚ್ ಹತ್ತಿ ನಮ್ಮ ಕಡೆ ಬರಬೇಕಿತ್ತು, ಅಷ್ಟೇ. ಅಲಾಸ್ಕಾದವರು ಬಿಟ್ಟದ್ದು ಟೆಸ್ಟನ್ನು. ಇವರು ಬಿಡಬೇಡಿ ಎಂದದ್ದೂ ಅದನ್ನೇ.

ಅವರಿಗೆ ಹೆವಿ ಲೈಸೆನ್ಸ್ ಸಿಕ್ಕಿದ ಬಗೆಯೂ ಇದಕ್ಕೆ ಸೇರುತ್ತದೆ. 2019ರಲ್ಲಿ ಹರಿಯಾಣ ಸರ್ಕಾರ ಕೇಂದ್ರದ ಸಾರಿಗೆ ಇಲಾಖೆಯ ಮುಂದೆ ಒಂದು ಕೋರಿಕೆ ಇಟ್ಟಿತು. ಮೇವಾತ್ ಹಿಂದುಳಿದ ಪ್ರದೇಶ, ಅಲ್ಲಿನ ಬಹಳ ಜನ ಡ್ರೈವಿಂಗ್ ನಂಬಿ ಬದುಕುವವರು, ಹಲವರಿಗೆ ಶಾಲೆಯ ಕಾಗದವಿಲ್ಲ, ಅವರಿಗೆ ಎಂಟನೇ ತರಗತಿಯ ಷರತ್ತಿನಿಂದ ವಿನಾಯಿತಿ ಕೊಡಿ ಎಂದು. ಊರು ನೋಡಿ ವಿನಾಯಿತಿ ಕೇಳಿದ ಸ್ಪಷ್ಟ ಸಂದರ್ಭ ಇದು. ಕೇಂದ್ರ ಮೇವಾತಿಗೆ ವಿನಾಯಿತಿ ಕೊಡಲಿಲ್ಲ. ಷರತ್ತನ್ನೇ ತೆಗೆಯಲು ತೀರ್ಮಾನಿಸಿತು, ಇಡೀ ದೇಶಕ್ಕೆ. ಓದಿಗಿಂತ ಕೈಚಳಕ ಮುಖ್ಯ ಎಂದಿತು, ತರಬೇತಿ ಮತ್ತು ಟೆಸ್ಟನ್ನು ಬಿಗಿ ಮಾಡುತ್ತೇವೆ ಎಂದಿತು. ಸಾರಿಗೆ ಕ್ಷೇತ್ರಕ್ಕೆ ಸುಮಾರು 22 ಲಕ್ಷ ಡ್ರೈವರುಗಳ ಕೊರತೆಯಿದೆ ಎಂಬ ಲೆಕ್ಕವೂ ಅದೇ ಹೇಳಿಕೆಯಲ್ಲಿತ್ತು, ದಯೆ ಮಾತ್ರವೇ ಕೆಲಸ ಮಾಡಿತು ಎಂದು ನಾನು ನಂಬುವುದಿಲ್ಲ. ಆ ವರ್ಷದ ಸೆಪ್ಟೆಂಬರಿನಲ್ಲಿ ಎಂಟನೇ ನಿಯಮ ರದ್ದಾಯಿತು. ಮೇವಾತಿನವರ ಹೆಸರಲ್ಲಿ ಕೇಳಿದ್ದು ತುಮರಿಯ ಏಳನೇ ಕ್ಲಾಸಿನವರಿಗೂ ಬಂತು. ಡ್ರೈವರಣ್ಣ ಮೇವಾತ್ ಎಂಬ ಹೆಸರನ್ನು ನನ್ನ ಬಾಯಿಂದಲೇ ಮೊದಲು ಕೇಳಿದ್ದು. "ಎಲ್ಲಿ ಬರತ್ತೆ ಅದು?" ಎಂದು ಎರಡು ಸಲ ಕೇಳಿದರು.

ಲಘು ವಾಹನಗಳ ಮಟ್ಟಿಗೆ ಬಾಗಿಲು ಇನ್ನೂ ಮೊದಲೇ ಸಡಿಲಾಗಿತ್ತು. 2017ರ ಜುಲೈಯಲ್ಲಿ ಸುಪ್ರೀಂ ಕೋರ್ಟು, ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿಲೋ ಮೀರದ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದಿತು. ವಿಮಾ ಕಂಪನಿಗಳು ಒಪ್ಪದೆ ಮತ್ತೆ ಮತ್ತೆ ಪ್ರಶ್ನಿಸಿದವು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಟ್ಯಾಕ್ಸಿಯವರಿಗೆ ಅದು ದೊಡ್ಡ ಸಂಗತಿ. ಬಸ್ಸಿನವರಿಗೆ ಅಲ್ಲ.

ಅಧ್ಯಾಯದ ಆ ಸಾಲನ್ನು ಹೊಡೆದುಹಾಕಿದ್ದೇನೆ. ಬದಲಿಗೆ ಬರೆದದ್ದು ಉದ್ದವಾಗಿದೆ, ಮೊದಲಿನಷ್ಟು ಚೆನ್ನಾಗಿಯೂ ಇಲ್ಲ. ನೀರು ಕಟ್ಟಿದ ಸರ್ಕಾರ ತನ್ನ ಕಚೇರಿಯನ್ನು ತಿಂಗಳಿಗೊಮ್ಮೆಯಾದರೂ ನೀರಿನಾಚೆಗೆ ಒಯ್ಯಬೇಕಿತ್ತು ಎಂಬುದು ಅದರ ಸಾರ. ಕರಡು ಓದಿದ ನನ್ನ ಮಾರ್ಗದರ್ಶಕರು ಪಕ್ಕದಲ್ಲಿ ಪೆನ್ಸಿಲಿನಿಂದ, "ಇದನ್ನು ಮೊದಲೇ ಅವರನ್ನು ಕೇಳಬಹುದಿತ್ತಲ್ಲ?" ಎಂದು ಬರೆದಿದ್ದಾರೆ. ಕೇಳಬಹುದಿತ್ತು. ಎಂಜಿನ್ ಪಕ್ಕದ ಸೀಟಿನಲ್ಲಿ ಎರಡು ವರ್ಷ ಕೂತಿದ್ದೆ.

ದೀಪಾವಳಿಗೆ ಡ್ರೈವರಣ್ಣ ಬಾಡಿಗೆ ಕಾರು ಹಿಡಿದು ಊರಿಗೆ ಹೋದರು. ಹೆಂಡತಿ, ಇಬ್ಬರು ಮಕ್ಕಳು, ಡಿಕ್ಕಿಯಲ್ಲಿ ಅಕ್ಕಿಮೂಟೆ. ರಾತ್ರಿ ಹತ್ತೂವರೆಗೆ ಫೋನು ಬಂತು. ಸೇತುವೆ ದಾಟಿ ಆಚೆ ದಡದಲ್ಲಿ ಕಾರು ನಿಲ್ಲಿಸಿದ್ದರಂತೆ. ಗಾಳಿಯ ಸದ್ದಿನಲ್ಲಿ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ಲಾಂಚ್ ಎಲ್ಲಿದೆ ಎಂದು ಕಿರಿಯ ಮಗ ಕೇಳುತ್ತಿದ್ದಾನೆ, ಕತ್ತಲಲ್ಲಿ ಕಾಣುತ್ತಿಲ್ಲ, ಎಂದರು.